ಮೊದಲ ಮನೆ: ಎಷ್ಟಕ್ಕೆ ಕೇಳಬೇಕು?

ಪ್ರಶ್ನೆ: ಮೊದಲ ಸಲ ಮನೆ ಕೊಳ್ಳುತ್ತಿದ್ದೇವೆ. ಹತ್ತಾರು ಮನೆ ನೋಡಿದ ಮೇಲೆ ಒಂದು ನಮ್ಮಿಬ್ಬರಿಗೂ ಹಿಡಿಸಿದೆ. ಹೇಳಿದ ಬೆಲೆಗಿಂತ ಶೇ 20 ಕಡಿಮೆಗೆ ಕೇಳಿ ಎನ್ನುತ್ತಾರೆ ಮಾವ. ಹಾಗೆ ಕೇಳಿದರೆ ಮನೆ ಕೈತಪ್ಪುತ್ತದೆ, ಇನ್ನೊಬ್ಬರು ರೆಡಿ ಇದ್ದಾರೆ ಎನ್ನುತ್ತಾರೆ ಬ್ರೋಕರ್. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಮಾರುವವರು ಹೇಳಿದ ಬೆಲೆಯಿಂದಲೇ ಲೆಕ್ಕ ಶುರು ಮಾಡಿದ್ದಾರೆ. ಅದು ಮಾರುವವರ ಆಸೆ ಅಷ್ಟೇ. ಅವರು ವಿಪರೀತ ಜಾಸ್ತಿ ಹೇಳಿದ್ದರೆ ಶೇ 20 ಇಳಿಸಿದರೂ ನಷ್ಟ ನಿಮಗೇ ಅಲ್ವಾ?

ಒಮ್ಮೆ ಕಿವಿಗೆ ಬಿದ್ದ ಬೆಲೆ ತಲೆಯಲ್ಲಿ ಕೂತುಬಿಡುತ್ತದೆ. ಗ್ರೆಗೊರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಅಮೆರಿಕದ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದೇ ಮನೆಯನ್ನು ಏಜೆಂಟರಿಗೆ ತೋರಿಸಿದರು. ಮಾರುವವರ ಬೆಲೆಯನ್ನು ಮಾತ್ರ ಬೇರೆ ಬೇರೆ ಹೇಳಿದರು. ಹೆಚ್ಚಿನ ಬೆಲೆ ಕೇಳಿಸಿಕೊಂಡವರು ಮನೆಗೂ ಹೆಚ್ಚು ಬೆಲೆ ಕಟ್ಟಿದರು. ಇದೇ ಕಸುಬಿನವರಿಗೇ ಹೀಗಾದರೆ, ಮನೆ ಇಷ್ಟಪಟ್ಟು ಕೂತಿರುವ ನೀವು ಇನ್ನೂ ಹುಷಾರಾಗಿರಬೇಕು.

ಹಾಗಾಗಿ ಆ ಬೆಲೆಯನ್ನು ಪಕ್ಕಕ್ಕಿಟ್ಟು, ಆಸುಪಾಸಿನಲ್ಲಿ ಈಚೆಗೆ ಮಾರಾಟವಾದ ಇಂಥದ್ದೇ ಮೂರು ನಾಲ್ಕು ಮನೆಗಳು ಎಷ್ಟಕ್ಕೆ ಹೋದವು ಎಂದು ವಿಚಾರಿಸಿ. ಇನ್ನೂ ಮಾರಾಟಕ್ಕಿರುವ ಮನೆಗಳ ಬೆಲೆ ನಂಬಬೇಡಿ, ಅವೂ ಆಸೆಗಳೇ. ಚದರಡಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವಾಗ ಅಳತೆ ಒಂದೇ ಬಗೆಯದಾಗಿರಲಿ. ಒಂದು ಮನೆಗೆ ಗೋಡೆ, ಮೆಟ್ಟಿಲು ಸೇರಿಸಿ, ಇನ್ನೊಂದಕ್ಕೆ ಬರೀ ಒಳಗಿನ ಜಾಗ ಹಿಡಿದರೆ ಲೆಕ್ಕವೇ ತಪ್ಪುತ್ತದೆ. ಆ ದರವನ್ನು ನೀವು ಮೆಚ್ಚಿದ ಮನೆಯ ಚದರಡಿಗೆ ಗುಣಿಸಿ, ಬಂದ ಮೊತ್ತದಲ್ಲಿ ರಿಪೇರಿ ಖರ್ಚು ಕಳೆಯಿರಿ. ಸುಣ್ಣ ಬಣ್ಣ ದೊಡ್ಡದಲ್ಲ. ಸೋರುವ ಚಾವಣಿ, ಹಳೇ ವೈರಿಂಗ್, ಗೋಡೆಯ ಬಿರುಕು ದೊಡ್ಡವು. ಒಬ್ಬ ಎಂಜಿನಿಯರ್‌ಗೆ ತೋರಿಸಿ.

ಬ್ಯಾಂಕಿನ ಲೆಕ್ಕದಲ್ಲಿ ಮೊದಲ ಸಲದವರು ಹೆಚ್ಚಾಗಿ ಎಡವುತ್ತಾರೆ. ನೀವು 100ಕ್ಕೆ ಒಪ್ಪಿದ ಮನೆಗೆ ಬ್ಯಾಂಕ್ 90 ಬೆಲೆ ಕಟ್ಟಿತು ಅಂದುಕೊಳ್ಳಿ. ಅದರ ಶೇ 80 ಸಾಲ ಕೊಟ್ಟರೆ ನಿಮಗೆ ಸಿಗುವುದು 72. ಕೈಯಿಂದ 20 ಹಾಕಿದರೆ ಸಾಕು ಎಂದುಕೊಂಡವರು 28 ಹೊಂದಿಸಬೇಕು. ನೋಂದಣಿ, ತೆರಿಗೆ, ಸಾಗಣೆ ಖರ್ಚು ಬೇರೆ. ಇನ್ನೊಂದು ಮಾತು: ಶೇ 8ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ, ಕಂತುಗಳಲ್ಲಿ ಒಟ್ಟು ಕಟ್ಟುವುದು ಸಾಲದ ಎರಡು ಪಟ್ಟು. ಮಾತಿನ ಭರದಲ್ಲಿ ಸಾಲದ ಹಣದಿಂದ 1 ಏರಿಸಿದರೆ ಕಟ್ಟುವುದು 2.

ಇಷ್ಟಾದ ಮೇಲೆ, ಇದರ ಮೇಲೆ ಒಂದು ಪೈಸೆಯೂ ಇಲ್ಲ ಎನ್ನುವ ಮೊತ್ತವನ್ನು ಇಬ್ಬರೂ ಕೂತು ಬರೆದಿಡಿ. ಬ್ರೋಕರ್‌ಗೆ ಹೇಳಬೇಡಿ. ಮೊದಲ ಮಾತು ಅದಕ್ಕಿಂತ ಕೆಳಗಿರಲಿ. ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಚೆನ್ನಾಗಿ ಇಳಿಸಿ ಕೇಳಿ. ಮೊನ್ನೆ ಮೊನ್ನೆ ಮಾರಾಟಕ್ಕೆ ಬಂದಿದ್ದು ಜನ ಮುಗಿಬಿದ್ದಿದ್ದರೆ ಸ್ವಲ್ಪವೇ ಇಳಿಸಿ. ಸುಮ್ನೆ ಒಂದು ನಂಬರ್ ಹೇಳುವ ಬದಲು, ಪಕ್ಕದ ಮನೆ ಇಷ್ಟಕ್ಕೆ ಹೋಗಿದೆ, ಚಾವಣಿಗೆ ಇಷ್ಟು ಖರ್ಚಿದೆ ಎಂದು ವಿವರಿಸಿ. ಮಾರುವವರಿಗೆ ಏನು ಬೇಕು ಅಂತಲೂ ಕೇಳಿ. ಅವಸರದಲ್ಲಿರುವವರು ಬೇಗ ಹಣ ಸಿಗುವುದಾದರೆ ಬೆಲೆ ಬಿಡುವುದುಂಟು.

ಇನ್ನೊಬ್ಬರು ರೆಡಿ ಇರುವುದು ನಿಜವೇ ಇರಬಹುದು. ಅದರಿಂದ ಮನೆಯ ಚಾವಣಿ ಗಟ್ಟಿಯಾಗುವುದಿಲ್ಲ, ನಿಮ್ಮ ಸಂಬಳವೂ ಏರುವುದಿಲ್ಲ. ಕಾಗದಪತ್ರ ಸರಿಯಿದ್ದು ಸಾಲ ಮಂಜೂರಾದರೆ ಮಾತ್ರ ಎಂಬ ಷರತ್ತನ್ನು ಬರಹದಲ್ಲಿ ಹಾಕದೆ ದೊಡ್ಡ ಮುಂಗಡ ಕೊಡಬೇಡಿ. ಬೆಲೆ ಕುದುರದಿದ್ದರೆ ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ. ಆ ಇನ್ನೊಬ್ಬರಿಗೆ ಸಾಲ ಸಿಗದೆ ನಿಮಗೇ ಫೋನ್ ಬರಬಹುದು.