ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಸರಾಂತ ಆಟ, ಹೇಳಿದಂತೆ ಕೇಳದ ನಾಯಕ

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಗನ ಒತ್ತಾಯಕ್ಕೆ ರಜೆಯಲ್ಲಿ ಅವನ ಪ್ಲೇಸ್ಟೇಷನ್ 5ರಲ್ಲಿ ‘ದಿ ವಿಚರ್ 3: ವೈಲ್ಡ್ ಹಂಟ್’ ಆಡಲು ಕುಳಿತೆ. ಕಥೆ, ಊರುಗಳು, ಜನರ ಮಾತುಕತೆ ಎಲ್ಲವೂ ಹಿಡಿಸಿದವು. ಆದರೆ ನಾಯಕ ಗೆರಾಲ್ಟ್‌ನನ್ನು ಒಂದು ಬಾಗಿಲು ದಾಟಿಸುವುದೇ ದೊಡ್ಡ ಸಾಹಸವಾಗಿದೆ. ತಿರುಗಿಸಿದರೆ ಎರಡು ಹೆಜ್ಜೆ ಮುಂದೆ ಹೋಗಿ ತಿರುಗುತ್ತಾನೆ. ಪೆಟ್ಟಿಗೆ ತೆರೆಯಲು ಬಟನ್ ಒತ್ತಿದರೆ ಪಕ್ಕದ ಮೇಣದಬತ್ತಿ ಹಚ್ಚುತ್ತಾನೆ. ಮಗ ಮಾತ್ರ ‘ನಿಂಗೆ ಅಭ್ಯಾಸ ಇಲ್ಲಮ್ಮ, ಇದು ಪ್ರಶಸ್ತಿ ಬಂದಿರೋ ಆಟ’ ಎನ್ನುತ್ತಾನೆ. ತಪ್ಪು ನನ್ನ ಕೈಯದೋ, ಆಟದ್ದೋ?
— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ನಿಮ್ಮ ಕೈಯದಲ್ಲ. 2015ರ ಮೇ 19ರಂದು ಬಿಡುಗಡೆಯಾದ ಈ ಆಟ ಅದೇ ವರ್ಷ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟವೆಂಬ ಗೌರವ ಪಡೆದದ್ದು ನಿಜ, ಗೆರಾಲ್ಟ್‌ನ ನಡಿಗೆ ಭಾರವೆಂಬ ದೂರು ಮೊದಲ ವಾರಗಳಲ್ಲೇ ಕೇಳಿಬಂದದ್ದೂ ಅಷ್ಟೇ ನಿಜ. ಪೋಲೆಂಡಿನ ತಯಾರಕರು ಆ ದೂರನ್ನು ತಳ್ಳಿಹಾಕದೆ, ಜುಲೈ ತಿಂಗಳ ಅಪ್‌ಡೇಟ್‌ನಲ್ಲಿ ನಡಿಗೆಗೆ ಎರಡನೆಯದೊಂದು ವಿಧಾನವನ್ನು ಸೇರಿಸಿದರು. ಆಡುವವರ ಅಭ್ಯಾಸದ ಕೊರತೆಯಷ್ಟೇ ಕಾರಣವಾಗಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಮಗನಿಗೆ ಹೇಳಿ.

ಆದ್ದರಿಂದ ಮೊದಲು ಆಟದ ಆಪ್ಷನ್ಸ್‌ನಲ್ಲಿ ಗೇಮ್‌ಪ್ಲೇ ವಿಭಾಗ ತೆರೆದು, ‘ಮೂವ್‌ಮೆಂಟ್ ರೆಸ್ಪಾನ್ಸ್’ ಎಂಬುದನ್ನು ‘ಆಲ್ಟರ್ನೇಟಿವ್’ಗೆ ಬದಲಾಯಿಸಿ. ಆಮೇಲೆ ಗೆರಾಲ್ಟ್ ಕಂಟ್ರೋಲರ್‌ನ ಸ್ಟಿಕ್ (ಹೆಬ್ಬೆರಳಿನಿಂದ ವಾಲಿಸುವ ಪುಟ್ಟ ಕಡ್ಡಿ) ವಾಲಿದ ಕಡೆಗೆ ಬೇಗ ತಿರುಗುತ್ತಾನೆ, ಬಿಟ್ಟೊಡನೆ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತಾನೆ. ಇಷ್ಟು ಉಪಯುಕ್ತವಾದ ಆಯ್ಕೆಯನ್ನು ಆಟದ ಆರಂಭದಲ್ಲೇ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ತೊಡಕಿನ ಮೂಲ ಅನಿಮೇಷನ್‌ನಲ್ಲಿದೆ. ಕತ್ತಿ ಹೊತ್ತ, ಕವಚ ತೊಟ್ಟ ಮನುಷ್ಯ ಓಡುತ್ತಿರುವಾಗ ಥಟ್ಟನೆ ಹಿಂದಕ್ಕೆ ತಿರುಗಲಾರ. ಪಾದ ಊರಿ, ಮೈ ವಾಲಿಸಿ, ಆಮೇಲೆ ತಿರುಗುತ್ತಾನೆ. ಅದನ್ನು ಸಹಜವಾಗಿ ತೋರಿಸಬೇಕೆಂದರೆ ಆಟವು ಹಿಂದಿನ ಹೆಜ್ಜೆಯನ್ನು ಮುಗಿಸಿಯೇ ನಿಮ್ಮ ಮುಂದಿನ ಆಜ್ಞೆಯನ್ನು ಪಾಲಿಸಬೇಕಾಗುತ್ತದೆ, ಅಂದರೆ ನೋಡುವ ಕಣ್ಣಿಗೆ ಸಿಕ್ಕ ಸೊಗಸಿನ ಬೆಲೆಯನ್ನು ಆಡುವ ಬೆರಳು ತೆರಬೇಕಾಗುತ್ತದೆ. ಆಟದೊಳಗಿನ ವೆಲೆನ್ ಎಂಬ ಪ್ರದೇಶದ ಬಯಲಿನಲ್ಲಿ ಓಡುವಾಗ ಈ ತೂಕ ಚೆನ್ನಾಗಿಯೇ ಕಾಣುತ್ತದೆ. ರೈತನ ಗುಡಿಸಿಲಿನೊಳಗೆ, ಮೇಜು ಮಂಚಗಳ ನಡುವೆ, ಅದೇ ನಡಿಗೆ ನಿಮ್ಮ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ದೊಡ್ಡ ಬಸ್ಸು ತಿರುಗಿಸಿದಂತಾಗುತ್ತದೆ.

ಮೇಣದಬತ್ತಿಯ ಕಿರಿಕಿರಿಗೆ ಕಾರಣ ಬೇರೆ. ಎಕ್ಸ್ ಗುರುತಿನ ಬಟನ್ ಒತ್ತಿ ಹಿಡಿದರೆ ಓಟ, ಒಮ್ಮೆ ಒತ್ತಿದರೆ ಎದುರಿನ ವಸ್ತುವನ್ನು ಮುಟ್ಟುವುದು, ಹೋರಾಟದಲ್ಲಿ ಒತ್ತಿದರೆ ಉರುಳಿ ತಪ್ಪಿಸಿಕೊಳ್ಳುವುದು: ಮೂರು ಕೆಲಸ ಒಂದೇ ಬಟನ್‌ಗೆ ಬಿದ್ದಿವೆ. ಪೆಟ್ಟಿಗೆಯ ಮೇಲೆ ಮೇಣದಬತ್ತಿಯಿದ್ದರೆ, ಗೆರಾಲ್ಟ್‌ನ ಮುಖ ಕೂದಲೆಳೆಯಷ್ಟು ಅತ್ತ ಹೊರಳಿದರೂ ಆಟ ಬತ್ತಿಯನ್ನೇ ಆರಿಸಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಅದನ್ನು ನಂದಿಸುತ್ತದೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಓಡುತ್ತಾ ಹೋಗದೆ ಸ್ಟಿಕ್ಕನ್ನು ಅರ್ಧ ಮಾತ್ರ ವಾಲಿಸಿ ನಡೆದು ಹೋಗಿ, ಪೆಟ್ಟಿಗೆಯ ಸೂಚನೆ ಪರದೆಯ ಮೇಲೆ ಮೂಡಿದ ಮೇಲಷ್ಟೇ ಒತ್ತಿ. ಹೋರಾಟದ ಮಟ್ಟಿಗೆ ಅನುಕೂಲ ಹೆಚ್ಚಿದೆ: 2022ರ ಡಿಸೆಂಬರ್‌ನಲ್ಲಿ ಬಂದ ಆವೃತ್ತಿಯಲ್ಲಿ ‘ಕ್ವಿಕ್ ಸೈನ್ ಕಾಸ್ಟಿಂಗ್’ ಎಂಬ ಆಯ್ಕೆಯಿದ್ದು, ಅದನ್ನು ಆನ್ ಮಾಡಿದರೆ ಮಂತ್ರ ಬದಲಾಯಿಸಲು ಪ್ರತಿ ಸಲ ಚಕ್ರದಂಥ ಮೆನು ತೆರೆಯಬೇಕಾಗಿಲ್ಲ.

ನೀವು ಬರೆಯದ ಇನ್ನೊಂದು ವಿಷಯವನ್ನೂ ಪರೀಕ್ಷಿಸಿ. ಹಲವು ಟಿವಿಗಳು ಚಿತ್ರವನ್ನು ನುಣುಪುಗೊಳಿಸಲು ಪ್ರತಿ ದೃಶ್ಯವನ್ನು ಕ್ಷಣಕಾಲ ತಡೆದು ತೋರಿಸುತ್ತವೆ. ಸಿನಿಮಾಕ್ಕೆ ಅದರಿಂದ ತೊಂದರೆಯಿಲ್ಲ, ಆಟದಲ್ಲಿ ಮಾತ್ರ ಬೆರಳಿಗೂ ಪರದೆಗೂ ತಾಳ ತಪ್ಪುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿ. ಆಟದ ಒಳಗೆ ‘ಪರ್ಫಾರ್ಮೆನ್ಸ್ ಮೋಡ್’ ಆರಿಸಿದರೆ ಸೆಕೆಂಡಿಗೆ 30ರ ಬದಲು 60 ಚಿತ್ರಗಳ ಗುರಿಯಲ್ಲಿ ಆಟ ನಡೆದು, ಎರಡು ಚಿತ್ರಗಳ ನಡುವಿನ ಅಂತರ ಸುಮಾರು 33 ಮಿಲಿಸೆಕೆಂಡಿನಿಂದ 17ಕ್ಕೆ ಇಳಿಯುತ್ತದೆ. ಕೈ ಬಿಟ್ಟಾಗಲೂ ಗೆರಾಲ್ಟ್ ತಾನಾಗಿ ಒಂದೇ ಕಡೆ ಸರಿಯುತ್ತಿದ್ದರೆ ಅದು ಸವೆದ ಸ್ಟಿಕ್ಕಿನ ದೋಷ. ವಾರಂಟಿ ಮುಗಿದಿದ್ದರೆ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಒಂದಿಷ್ಟು ಒರಟುತನ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಹೇಳಲು ಹಿಂಜರಿಯಬೇಡಿ. ಕಥೆಗೆ ಬಂದ ಮೆಚ್ಚುಗೆಯನ್ನು ತೋರಿಸಿ ನಡಿಗೆಯ ಬಗ್ಗೆ ಮಾತಾಡುವವರ ಬಾಯಿ ಮುಚ್ಚಿಸುವ ರೂಢಿ ನಮ್ಮ ಆಟಗಾರರಲ್ಲಿ ಬೆಳೆದಿದೆ. ಅದರಿಂದ ನಷ್ಟವಾಗುವುದು ಮೊದಲ ಬಾರಿಗೆ ಕಂಟ್ರೋಲರ್ ಹಿಡಿಯುವ ನಿಮ್ಮಂಥವರಿಗೆ.

ಪ್ರಶ್ನೆ: ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ವ್ಯಾಲೆಂಟೈನ್ ಎಂಬ ಊರಿನ ದಾರಿಹೋಕನಿಗೆ ನಮಸ್ಕಾರ ಹೇಳಲು ಹೋದರೆ ನಾಯಕ ಬಂದೂಕು ಗುರಿಯಿಟ್ಟ. ಊರವರೆಲ್ಲ ತಿರುಗಿ ಬಿದ್ದರು. ಇದನ್ನು ತಪ್ಪಿಸುವುದು ಹೇಗೆ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಈ ಆಟದಲ್ಲಿ ಎದುರಿನವರತ್ತ ಗಮನ ಹರಿಸುವುದಕ್ಕೂ ಬಂದೂಕು ಗುರಿಯಿಡುವುದಕ್ಕೂ ಪ್ಲೇಸ್ಟೇಷನ್ ಕಂಟ್ರೋಲರ್‌ನ ಎಲ್2 ಬಟನ್ ಒಂದೇ, ಕೈ ಬರಿದಾಗಿದ್ದರೆ ಮಾತು, ಆಯುಧವಿದ್ದರೆ ಗುರಿ. 2018ರಲ್ಲಿ ಬಂದ, ಇಷ್ಟೊಂದು ಸೂಕ್ಷ್ಮವಾಗಿ ಕಟ್ಟಿದ ಆಟದಲ್ಲಿ ಸ್ನೇಹವನ್ನೂ ಬೆದರಿಕೆಯನ್ನೂ ಒಂದೇ ಬೆರಳಿಗೆ ಒಪ್ಪಿಸಿರುವುದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಊರೊಳಗೆ ಕಾಲಿಡುವ ಮುನ್ನ ಎಲ್1 ಒಮ್ಮೆ ಒತ್ತಿ ಆಯುಧವನ್ನು ಒರೆಗೆ ಸೇರಿಸಿ. ಒತ್ತಿ ಹಿಡಿಯಬೇಡಿ, ಹಿಡಿದರೆ ಆಯುಧಗಳ ಮೆನು ತೆರೆಯುತ್ತದೆ. ಆಮೇಲೆ ಎಲ್2 ಹಿಡಿದು, ನಮಸ್ಕಾರಕ್ಕೆ ಚೌಕದ ಗುರುತಿನ ಬಟನ್ ಒತ್ತಿ. ಅದರ ಎದುರು ಬದಿಯ ವೃತ್ತದ ಗುರುತಿನ ಬಟನ್ ಜಗಳಕ್ಕೆ ಕರೆಯುತ್ತದೆ. ಅವಸರದಲ್ಲಿ ಬೆರಳು ಅತ್ತ ಜಾರದಿರಲಿ.