ಬೇರೆ ಮನೆ ಆಮೇಲೆ, ಮೊದಲು ಹುಡುಗನ ಗೊರಕೆ ನೋಡಿ

ವಿಜಯನಗರದಿಂದ ಕಾಗದ ಬರೆದ ಈ ತಂಗಿಗೆ 6 ವರ್ಷದ ಮಗ, ಅವನಿಗೆ ಡೌನ್ ಸಿಂಡ್ರೋಮ್ ಇದೆ, ಅಂದ್ರೆ ಹುಟ್ಟಿನಿಂದಲೇ ಇದ್ದು ಬೆಳವಣಿಗೆ ನಿಧಾನ ಮಾಡೋ ಸ್ಥಿತಿ. ಹಗಲೆಲ್ಲಾ ಹಟ, ಸ್ಪೀಚ್ ಥೆರಪಿಗೆ ಕೂರ್ಸಿದ್ರೆ ತೂಕಡಿಸ್ತಾನಂತೆ. ನೀನು ಕೆಲಸಕ್ಕೆ ಹೋಗೋದಕ್ಕೇ ಹಿಂಗೆ ಅಂತ ಅತ್ತೆ, ವೈಟ್‌ಫೀಲ್ಡ್‌ನಿಂದ ರಾತ್ರಿ ಒಂಬತ್ತಕ್ಕೆ ಬರೋ ಗಂಡನ ಜೊತೆ ದಿನಾ ಜಗಳ. ಕೆಲಸ ಬಿಡ್ಲಾ, ಬೇರೆ ಮನೆ ಮಾಡ್ಲಾ ಅಂತ ಕೇಳಿದಾರೆ.

ಆದ್ರೆ ಅಷ್ಟುದ್ದದ ಕಾಗದದ ಮಧ್ಯೆ ಒಂದು ಸಾಲಿದೆ: 'ತಾತನ ಥರ ಗೊರಕೆ ಹೊಡೀತಾನೆ, ಮುಂದಕ್ಕೆ ಬಗ್ಗಿ ಕೂತ್ಕೊಂಡೇ ನಿದ್ದೆ ಮಾಡ್ತಾನೆ, ಅದಕ್ಕೆ ನಾನೂ ಮಗನೂ ಹಾಲ್‌ನಲ್ಲಿ ಮಲಗ್ತೀವಿ.'

ಅಲ್ಲಾ ತಂಗಿ, ಇದನ್ನ ಮೊದಲು ಬರೀಬೇಕಿತ್ತಲ್ವಾ! ಈ ಮಕ್ಕಳಿಗೆ ಸ್ನಾಯು ಸಡಿಲ, ಉಸಿರಿನ ದಾರಿ ಕಿರಿದು, ಗಂಟಲಿನ ಟಾನ್ಸಿಲ್ಲೋ ಮೂಗಿನ ಹಿಂದಿರೋ ಅಡಿನಾಯ್ಡ್ ಗಂಟೋ ಸ್ವಲ್ಪ ಊದಿದ್ರೂ ಸಾಕು ನಿದ್ದೇಲಿ ಉಸಿರು ಕಟ್ಟುತ್ತೆ, ಸ್ಲೀಪ್ ಅಪ್ನಿಯಾ ಅಂತಾರೆ, ಇವರಲ್ಲಿ ತುಂಬಾ ಕಾಮನ್ನು. ಬಗ್ಗಿ ಕೂರೋದೂ ಎಷ್ಟೋ ಸಲ ಉಸಿರಾಡೋಕೇ. ರಾತ್ರಿಯೆಲ್ಲಾ ಉಸಿರಿಗೆ ಒದ್ದಾಡಿದ ಮಗು ಹಗಲು ಹಟ ಮಾಡದೆ ಇನ್ನೇನು ಮಾಡುತ್ತೆ, ಹಂಗೇ ಬಿಟ್ರೆ ಹೃದಯಕ್ಕೂ ಹೊರೆ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ ಅಂತೂ ಡೌನ್ ಸಿಂಡ್ರೋಮ್ ಇರೋ ಎಲ್ಲಾ ಮಕ್ಕಳಿಗೂ, ಗೊರಕೆ ಇಲ್ದಿದ್ರೂ, 4 ವರ್ಷ ತುಂಬೋದ್ರೊಳಗೆ ಸ್ಲೀಪ್ ಸ್ಟಡಿ, ಅಂದ್ರೆ ರಾತ್ರಿ ನಿದ್ದೇಲಿ ಉಸಿರಾಟ ಅಳೆಯೋ ಪರೀಕ್ಷೆ, ಮಾಡಿಸಿ ಅನ್ನುತ್ತೆ.

ಅತ್ತೆ ಮೇಲೆ ನಂಗೇನೂ ಅಂಥ ಕೋಪ ಇಲ್ಲ, ಬೆಳಗ್ಗೆ ಹುಡುಗನಿಗೆ ಸ್ನಾನ ಮಾಡಿಸಿ ತಿಂಡಿ ತಿನ್ನಿಸೋದು ಅವರೇ ಅಂತ ನೀವೇ ಬರ್ದಿದೀರಿ. ಕೋಪ ಬಂದಿದ್ದು ಭಾನುವಾರ ಬಂದು ಕಾಫಿ ಕುಡಿದು 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲಪ್ಪ' ಅಂತ ಹೇಳಿ ಹೋಗೋ ನಾದಿನಿ ಮೇಲೆ. ಡೌನ್ ಸಿಂಡ್ರೋಮ್ ಅಂದ್ರೆ ಜೀವಕೋಶದಲ್ಲಿ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರೋದಷ್ಟೇ, ಬಹುಪಾಲು ಕೇಸಲ್ಲಿ ಅದು ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ವಂಶಪಾರಂಪರ್ಯವಾಗಿ ಬಂದಿದ್ದಲ್ಲ. ಇದನ್ನ ಆಯಮ್ಮನಿಗೆ ನಿಮ್ಮ ಯಜಮಾನ್ರೇ ಹೇಳ್ಲಿ, ನೀವಲ್ಲ.

ನಿದ್ದೆಗೆಟ್ಟ ತಲೇಲಿ ಮನೆ, ಕೆಲಸ, ಮದುವೆ ಯಾವುದರ ತೀರ್ಮಾನವೂ ಬೇಡ ಅಂತ ನಾನು ಯಾವಾಗ್ಲೂ ಬಡ್ಕೊಳ್ಳೋದು. ಹಾಗಾಗಿ ಮಾಡ್ಬೇಕಿರೋದು ಒಂದೇ. ಈ ಶನಿವಾರ ರಾತ್ರಿ ಹಾಲ್‌ನಲ್ಲಿ ಮಗನ ಜೊತೆ ಗಂಡ ಮಲಗ್ಲಿ, ಅವನು ಉಸಿರಾಡೋದನ್ನ ಮೊಬೈಲ್‌ನಲ್ಲಿ ವಿಡಿಯೋ ಮಾಡ್ಲಿ, ನೀವು ರೂಮಿನ ಬಾಗಿಲು ಹಾಕ್ಕೊಂಡು ನಿದ್ದೆ ಮಾಡಿ. ಸೋಮವಾರ ಇಬ್ರೂ ರಜೆ ಹಾಕಿ ಆ ವಿಡಿಯೋ ಹಿಡ್ಕೊಂಡು ಇಎನ್‌ಟಿ ಡಾಕ್ಟರ್ ಹತ್ರ ಹೋಗಿ ಸ್ಲೀಪ್ ಸ್ಟಡಿ ಬೇಕು ಅಂತ ಬಾಯ್ಬಿಟ್ಟು ಕೇಳಿ, ಎಲ್ಲಾ ಮಕ್ಕಳೂ ಗೊರಕೆ ಹೊಡೀತಾರೆ ಅಂದ್ರೆ ಒಪ್ಕೊಂಡು ಎದ್ದು ಬರ್ಬೇಡಿ. ಉಸಿರು ನಿಂತು ಗಕ್ಕಂತ ಎಳ್ಕೊಳ್ಳೋದು, ತುಟಿ ನೀಲಿಯಾಗೋದು ಕಂಡ್ರೆ ಸೋಮವಾರದ ತನಕ ಕಾಯೋದೂ ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.