ವೈದ್ಯರ ಮುಂದೆ ಎಲ್ಲವನ್ನೂ ಹೇಳು, ತಮ್ಮಾ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ತಲುಪಿತು. ಹೊಸನಗರದ ಕಡೆಯ ಹುಡುಗ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೊದಲ ಚಳಿಗಾಲ, ಮೊಣಕೈ ಮತ್ತು ಕಿವಿಯ ಹಿಂದೆ ಹೊಟ್ಟು ಏಳುವ ಕಲೆಗಳು, ಶಿವಮೊಗ್ಗದ ಔಷಧಿ ಅಂಗಡಿಯಿಂದ ತಂದ ಮುಲಾಮು ಮುಗಿಯುತ್ತಾ ಬಂದಿದೆ. ಇದು ಸೋರಿಯಾಸಿಸ್ ಇರಬಹುದು ಎಂದು ಊರಿನಲ್ಲಿ ಯಾರೋ ಹೇಳಿದ್ದರು, ಪರೀಕ್ಷೆ ಮಾಡಿಸಿಲ್ಲ. ಇಲ್ಲಿ ಚರ್ಮದ ಡಾಕ್ಟರನ್ನು ನೇರವಾಗಿ ಕಾಣಬಹುದೇ, ಖರ್ಚೆಷ್ಟು, ವೀಸಾಕ್ಕೆ ತೊಂದರೆಯಾದೀತೇ, ಊರಿನಿಂದ ಅದೇ ಮುಲಾಮನ್ನು ತರಿಸಿಕೊಳ್ಳಲೇ, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಅವರಿಗೆ ಹೇಳಬೇಕೇ ಎಂದು ಕೇಳಿದ್ದೀಯ. ಬಾಡಿಗೆ ಮನೆಯ ಬಗ್ಗೆಯೂ ಸೋನಾಮಸೂರಿ ಅಕ್ಕಿಯ ಬಗ್ಗೆಯೂ ಒಂದು ಸಾಲಿದೆ. ಅವೆರಡನ್ನು ನಿನ್ನ ಕಚೇರಿಯ ನಮ್ಮವರನ್ನು ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ.

ವೀಸಾಕ್ಕೆ ತೊಂದರೆ ಇಲ್ಲ. ಇದು ಅಂಟುರೋಗವಲ್ಲ. ಬರುವ ಮೊದಲು ನಿನಗೆ ಕ್ಷಯದ ಪರೀಕ್ಷೆ ಮಾಡಿಸಿದ್ದಾರಲ್ಲ, ಆ ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೋ. ಮುಂದೆ ಯಾವತ್ತಾದರೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ದೊಡ್ಡ ಚುಚ್ಚುಮದ್ದುಗಳ ಮಾತು ಬಂದರೆ, ಮೈಯಲ್ಲಿ ಕ್ಷಯ ಅಡಗಿ ಕುಳಿತಿದೆಯೇ ಎಂದು ಆಸ್ಪತ್ರೆಯವರು ಮತ್ತೆ ನೋಡುತ್ತಾರೆ. ಆಗ ಆ ಹಳೆಯ ಎಕ್ಸ್‌ರೇ ವಿವರ ಉಪಯೋಗಕ್ಕೆ ಬರುತ್ತದೆ.

ಈಗ ಡಾಕ್ಟರ ವಿಷಯ. ನಮ್ಮಲ್ಲಿ ಬೆಳಿಗ್ಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿದರೆ ಚರ್ಮರೋಗ ವಿಭಾಗದ ಎದುರು ಸಾಲಿನಲ್ಲಿ ಕೂರಬಹುದು. ಸಮಾಧಾನವಾಗದಿದ್ದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು. ಇಲ್ಲಿ ಆ ದಾರಿ ಇಲ್ಲ. ಕೈಯಿಂದ ದುಡ್ಡು ಕೊಟ್ಟು ಖಾಸಗಿಯಾಗಿ ತೋರಿಸದ ಹೊರತು, ಮೊದಲು ನಿನ್ನ ಬಡಾವಣೆಯ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ಕಾಣುವ ಸಾಮಾನ್ಯ ವೈದ್ಯರು, ಅವರು ಬರೆದುಕೊಟ್ಟರೆ ಚರ್ಮತಜ್ಞರು. ಇನ್ನೂ ಜಿಪಿ ಬಳಿ ಹೆಸರು ನೋಂದಾಯಿಸಿಲ್ಲ ಎಂದು ಬರೆದಿದ್ದೀಯ. ಈ ವಾರವೇ ಮಾಡು. ವಿಳಾಸದ ದಾಖಲೆ ಇಲ್ಲ ಎಂಬ ಕಾರಣಕ್ಕೆ ಅವರು ನಿನ್ನನ್ನು ವಾಪಸು ಕಳುಹಿಸುವಂತಿಲ್ಲ. ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ಕಟ್ಟಿಯೇ ಬಂದವನು ನೀನು. ಸಂಕೋಚಪಡಬೇಕಾಗಿಲ್ಲ, ಯಾರ ದಾನವನ್ನೂ ಕೇಳುತ್ತಿಲ್ಲ.

ಡಾಕ್ಟರನ್ನು ಕಾಣಲು ದುಡ್ಡು ಕೊಡಬೇಕಾಗಿಲ್ಲ. ಔಷಧಿಗೆ ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಿನಿಂದ ಒಂದೊಂದು ಔಷಧಿಗೆ 9.90 ಪೌಂಡ್. ಸೋರಿಯಾಸಿಸ್ ಇದ್ದವರಿಗೆ ಒಂದೇ ಚೀಟಿಯಲ್ಲಿ ಮೂರು ನಾಲ್ಕು ಔಷಧಿ ಇರುತ್ತವೆ: ಮೈಗೆ ಒಂದು, ತಲೆಗೆ ಒಂದು, ಮುಖಕ್ಕೆ ಬೇರೆ, ಒಣಗದಂತೆ ಹಚ್ಚಲು ಮತ್ತೊಂದು. ಹಾಗಾಗಿ 114.50 ಪೌಂಡ್ ಕೊಟ್ಟು ಇಡೀ ವರ್ಷದ ಔಷಧಿ ಶುಲ್ಕವನ್ನು ಮೊದಲೇ ಕಟ್ಟುವ ಮುಂಗಡ ಪ್ರಮಾಣಪತ್ರವನ್ನು ತೆಗೆದುಕೊಂಡುಬಿಡು. ವರ್ಷಕ್ಕೆ ಹನ್ನೊಂದು ಔಷಧಿ ದಾಟಿದರೆ ಅದೇ ಲಾಭ.

ಜಿಪಿ ನಿನಗೆ ಕೊಡುವ ಸಮಯ ಸುಮಾರು ಹತ್ತು ನಿಮಿಷ. ಅದಕ್ಕೆ ತಯಾರಾಗಿ ಹೋಗು. ಕಲೆಗಳು ಹೆಚ್ಚಾದ ದಿನ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಡು. ನೀನು ಹೋದ ದಿನ ಅವು ಮಂಕಾಗಿರಬಹುದು. ನಮ್ಮ ಮೈಬಣ್ಣದ ಮೇಲೆ ಈ ರೋಗ ಪುಸ್ತಕದಲ್ಲಿ ಇರುವ ಹಾಗೆ ಕೆಂಪಗೆ ಕಾಣುವುದಿಲ್ಲ. ನೇರಳೆ, ಕಂದು, ಕೆಲವೊಮ್ಮೆ ಬೂದು. ನಾನು ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದದ್ದು ಒಂದು ನವೆಂಬರ್‌ನಲ್ಲಿ. ಹಗಲಿಡೀ ಹೀಟರ್, ಬಚ್ಚಲುಮನೆಯ ಹಂಡೆ ನೀರಿನ ಅಭ್ಯಾಸಕ್ಕೆ ಸುಡುನೀರಿನ ಸ್ನಾನ. ಕೆಲವೇ ವಾರಗಳಲ್ಲಿ ಕಾಲಿನ ಚರ್ಮ ಬಿರುಕು ಬಿಟ್ಟಿತು. ಮೊದಲು ನೋಡಿದ ವೈದ್ಯರು ಕೆಂಪು ಕಾಣಲಿಲ್ಲವೆಂದು ಹುಳುಕಡ್ಡಿ ಎಂದುಕೊಂಡು ಶಿಲೀಂಧ್ರದ ಮುಲಾಮು ಕೊಟ್ಟರು. ಚಳಿಗಾಲ ಪೂರ್ತಿ ಹಚ್ಚಿದರೂ ಗುಣ ಕಾಣಲಿಲ್ಲ. ಮತ್ತೊಬ್ಬ ವೈದ್ಯೆ ಹೊಟ್ಟನ್ನು ಕೆರೆದು ಪ್ರಯೋಗಾಲಯಕ್ಕೆ ಕಳುಹಿಸಿ, ಶಿಲೀಂಧ್ರ ಇಲ್ಲವೆಂದು ಖಚಿತಪಡಿಸಿಕೊಂಡು, ನನ್ನ ತಲೆಕೂದಲನ್ನು ಸರಿಸಿ ನೋಡಿ, ಉಗುರು ನೋಡಿ, ಆಮೇಲೆ ಸೋರಿಯಾಸಿಸ್ ಎಂದರು. ಆದ್ದರಿಂದ ತಲೆ, ಹೊಕ್ಕುಳು, ಉಗುರು, ಬೆನ್ನಿನ ಕೆಳಭಾಗವನ್ನು ಅವರು ಕೇಳದಿದ್ದರೂ ತೋರಿಸು.

ಊರಿನ ಮುಲಾಮನ್ನು ತರಿಸಬೇಡ. ಆದರೆ ಖಾಲಿ ಟ್ಯೂಬನ್ನು ಎಸೆಯಲೂಬೇಡ, ಜಿಪಿಗೆ ತೋರಿಸು. ನಮ್ಮ ಅಂಗಡಿಗಳಲ್ಲಿ ಕೇಳಿದೊಡನೆ ಕೊಡುವ ಅನೇಕ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆ್ಯಂಟಿಬಯಾಟಿಕ್ ಮೂರೂ ಬೆರೆತಿರುತ್ತವೆ. ಹಚ್ಚಿದಾಗ ಎರಡೇ ದಿನದಲ್ಲಿ ಹಾಯೆನಿಸುತ್ತದೆ, ನಿಲ್ಲಿಸಿದಾಗ ಮರುಕಳಿಸುತ್ತದೆ, ಚರ್ಮ ತೆಳುವಾಗುತ್ತದೆ, ನಿಜವಾಗಿ ಇರುವುದು ಹುಳುಕಡ್ಡಿಯಾಗಿದ್ದರೆ ಅದರ ರೂಪವೇ ಬದಲಾಗಿ ವೈದ್ಯರಿಗೆ ಗುರುತು ಸಿಗುವುದಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನಂತೂ ಯಾರು ಕೊಟ್ಟರೂ ನುಂಗಬೇಡ. ಅದನ್ನು ಬಿಟ್ಟಾಗ ಸೋರಿಯಾಸಿಸ್ ಮೈತುಂಬ ಕೀವುಗುಳ್ಳೆಯಾಗಿ ಏಳುವ ಅಪಾಯವಿದೆ. ಕಷಾಯ, ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು. ಅಮ್ಮ ಕೊಟ್ಟು ಕಳುಹಿಸಿದ ಕೊಬ್ಬರಿ ಎಣ್ಣೆ ಮಾತ್ರ ಇರಲಿ, ಸ್ನಾನದ ನಂತರ ಹಚ್ಚಿಕೋ.

ತಮ್ಮಾ, ಇಲ್ಲಿಂದ ಮುಂದೆ ನಿಧಾನವಾಗಿ ಓದು.

ಚರ್ಮತಜ್ಞರ ಬಳಿ ಹೋದಾಗ ನಿನ್ನ ಕೈಗೆ ಒಂದು ಹಾಳೆ ಕೊಡುತ್ತಾರೆ. ಹತ್ತು ಪ್ರಶ್ನೆಗಳು. 1994ರಲ್ಲಿ ಕಾರ್ಡಿಫ್‌ನ ಚರ್ಮವೈದ್ಯರು ರೂಪಿಸಿದ್ದು, ಡಿಎಲ್‌ಕ್ಯೂಐ ಎನ್ನುತ್ತಾರೆ. ಕಳೆದ ಒಂದು ವಾರದಲ್ಲಿ ಎಷ್ಟು ತುರಿಸಿತು, ಎಷ್ಟು ಮುಜುಗರವಾಯಿತು, ಬಟ್ಟೆ ಆರಿಸುವಾಗ, ಮನೆಗೆಲಸದಲ್ಲಿ, ಆಟದಲ್ಲಿ, ಗೆಳೆಯರ ನಡುವೆ ಎಷ್ಟು ತೊಂದರೆಯಾಯಿತು ಎಂದು ಕೇಳುತ್ತದೆ. ಒಟ್ಟು ಅಂಕ 30. ವೈದ್ಯರು ಮೈಮೇಲಿನ ಕಲೆಗಳನ್ನು ಅಳೆದು ಇನ್ನೊಂದು ಅಂಕ ಕೊಡುತ್ತಾರೆ. ಮೇಲೆ ಹೇಳಿದ ದೊಡ್ಡ ಚುಚ್ಚುಮದ್ದುಗಳನ್ನು, ಅಂದರೆ ಹೊಸ ಜೈವಿಕ ಔಷಧಿಗಳನ್ನು, ಕೊಡಲು ಸಾಮಾನ್ಯವಾಗಿ ಅವರ ಅಂಕ ಹತ್ತಾದರೂ ಇರಬೇಕು, ನಿನ್ನ ಹಾಳೆಯ ಅಂಕ ಹತ್ತನ್ನು ದಾಟಿರಬೇಕು, ಅದಕ್ಕೂ ಮೊದಲಿನ ಮಾತ್ರೆಗಳು ಫಲ ಕೊಟ್ಟಿರಬಾರದು. ಅಂದರೆ ನೀನು ಬಾಯಿಬಿಟ್ಟು ಹೇಳಿದ ಕಷ್ಟಕ್ಕೆ ಇಲ್ಲಿ ಲೆಕ್ಕವಿದೆ, ಮುಚ್ಚಿಟ್ಟ ಕಷ್ಟಕ್ಕಿಲ್ಲ.

ನಮ್ಮ ಕಡೆಯ ಜನ ಆ ಹಾಳೆಯನ್ನು ಹೇಗೆ ತುಂಬುತ್ತಾರೆಂದು ನನಗೆ ಗೊತ್ತು. ನಿನ್ನ ಪತ್ರದಲ್ಲೇ ಇದೆ ನೋಡು: ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಗೆ ಇಳಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಅರ್ಧತೋಳಿನ ಅಂಗಿಯನ್ನು ಹಾಕುವುದಿಲ್ಲ, ಕಡುಬಣ್ಣದ ಬಟ್ಟೆಯನ್ನು ಕೊಳ್ಳುವುದಿಲ್ಲ. ಅದರ ಮುಂದಿನ ಸಾಲಿನಲ್ಲೇ, ಅಂಥ ತೊಂದರೆ ಏನೂ ಇಲ್ಲ ಅಕ್ಕಾ ಎಂದಿದ್ದೀಯ. ಬಿಟ್ಟುಕೊಟ್ಟದ್ದನ್ನೆಲ್ಲ ಮರೆತು, ಉಳಿದದ್ದರಲ್ಲಿ ತೊಂದರೆ ಇಲ್ಲ ಎನ್ನುವುದು ನಮ್ಮ ರೂಢಿ. ಈಜು ಬಿಟ್ಟವನು ಆಟದ ಪ್ರಶ್ನೆಗೆ ‘ಅನ್ವಯಿಸುವುದಿಲ್ಲ’ ಎಂದು ಗುರುತು ಹಾಕಿದರೆ ಸಿಗುವ ಅಂಕ ಸೊನ್ನೆ. ರೋಗದ ಕಾರಣಕ್ಕೆ ಬಿಟ್ಟಿದ್ದೇನೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳು.

ನನ್ನ ದೊಡ್ಡಮ್ಮನಿಗೂ ಇದೇ ರೋಗವಿತ್ತು, ಅದರ ಕಷ್ಟವನ್ನು ಅವರು ಯಾರಿಗೂ ಹೇಳಲಿಲ್ಲ. ಮೊಣಕೈ ಮುಚ್ಚುವಷ್ಟು ಉದ್ದ ತೋಳಿನ ರವಿಕೆ ತೊಡುತ್ತಿದ್ದರು, ಮದುವೆ ಮನೆಗಳಲ್ಲಿ ಪಂಕ್ತಿಗೆ ಬಡಿಸಲು ಏಳುತ್ತಿರಲಿಲ್ಲ. ಬಡಿಸಲು ಬಾ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ, ಅದು ಅಂಟುವ ಇಸುಬು ಎಂದೇ ಊರು ತಿಳಿದಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಕೈಗೆ ಗೀರಾದ ಜಾಗದಲ್ಲೆಲ್ಲ ಹೊಸ ಕಲೆ ಏಳುತ್ತಿತ್ತು. ಬೆಳಿಗ್ಗೆ ಎದ್ದು ಬಹಳ ಹೊತ್ತಿನವರೆಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿತ್ತು. ಮಳೆಗಾಲದ ವಾಯು, ಸುಲಿತದ ದಣಿವು ಎಂದು ಎಲ್ಲರೂ ಹೇಳಿದರು, ಅವರೂ ಅದನ್ನೇ ನಂಬಿದರು. ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳಿದ್ದವು. ನಾನು ಹುಡುಗಿಯಾಗಿದ್ದಾಗ ಆ ಉಗುರಿಗೆ ಗೋರಂಟಿ ಹಚ್ಚಿದ್ದೇನೆ.

ಇಲ್ಲಿನ ದಾದಿಯೊಬ್ಬರು ನನಗೆ ಬೇರೊಂದು ಹಾಳೆ ಕೊಟ್ಟರು. ಅದರಲ್ಲಿ ಐದೇ ಪ್ರಶ್ನೆ. ಕೀಲು ಯಾವಾಗಲಾದರೂ ಊದಿದೆಯೇ, ಸಂಧಿವಾತವಿದೆ ಎಂದು ವೈದ್ಯರು ಎಂದಾದರೂ ಹೇಳಿದ್ದರೇ, ಉಗುರಿನಲ್ಲಿ ಗುಳಿಗಳಿವೆಯೇ, ಹಿಮ್ಮಡಿ ನೋಯುತ್ತದೆಯೇ, ಒಂದು ಇಡೀ ಬೆರಳು ಕಾರಣವಿಲ್ಲದೆ ಊದಿ ನೋವಾಗಿತ್ತೇ. ಮೂರಕ್ಕೆ ಹೌದು ಎಂದರೆ ಕೀಲುತಜ್ಞರ ಬಳಿ ಕಳುಹಿಸುತ್ತಾರೆ. ಓದುತ್ತಾ ಹೋದಂತೆ ಪ್ರತಿ ಸಾಲಿನಲ್ಲೂ ದೊಡ್ಡಮ್ಮನೇ ಇದ್ದರು. ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ, ಬೇಗ ಹಿಡಿದರೆ ಮೂಳೆ ಸವೆಯುವುದನ್ನು ತಡೆಯಬಹುದು, ಸವೆದದ್ದನ್ನು ಮರಳಿ ತರಲಾಗದು. ಅಷ್ಟು ಹೊತ್ತಿಗೆ ಅವರ ಬೆರಳುಗಳು ಸೊಟ್ಟಗಾಗಿ ಅನ್ನ ಕಲಸಲೂ ಕಷ್ಟವಾಗಿತ್ತು. ಐದು ಪ್ರಶ್ನೆ ಕೇಳುವವರು ಅವರಿಗೆ ಸಕಾಲದಲ್ಲಿ ಸಿಗಲಿಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಬೆಳಿಗ್ಗೆ ಮೌಸ್ ಹಿಡಿಯಲು ಬೆರಳು ಬಿಗಿ ಎನಿಸುತ್ತದೆ, ಚಳಿ ಇರಬೇಕು ಎಂದು ನೀನು ಬರೆದ ಸಾಲನ್ನು ನೋಡಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಚಳಿಯೇ ಇರಬಹುದು. ಜಿಪಿಗೆ ಅದನ್ನು ಮೊದಲ ನಿಮಿಷದಲ್ಲೇ ಹೇಳು, ಕಲೆಗಳ ಮಾತು ಆಮೇಲೆ ಬರಲಿ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಸ್ಟೀರಾಯ್ಡ್ ಮತ್ತು ವಿಟಮಿನ್ ಡಿ ಜಾತಿಯ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು, ಸಾಲದಿದ್ದರೆ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಯಲ್ಲಿ ನೇರಳಾತೀತ ಬೆಳಕು, ಆಮೇಲೆ ಮೆಥೋಟ್ರೆಕ್ಸೇಟ್‌ನಂಥ ಮಾತ್ರೆ. ಮೆಥೋಟ್ರೆಕ್ಸೇಟ್ ಕೊಟ್ಟರೆ ನೆನಪಿಡು, ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮದುವೆ, ಮಗುವಿನ ಯೋಚನೆ ಇದ್ದರೆ ಮಾತ್ರೆ ಶುರುವಾಗುವ ಮೊದಲೇ ತಿಳಿಸು. ಚರ್ಮತಜ್ಞರ ಭೇಟಿಗೆ ಕಾಯಬೇಕಾಗುತ್ತದೆ. 18 ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ ಇದ್ದರೂ ಬಹಳ ಕಡೆ ಅದು ಮೀರುತ್ತದೆ. ಕಾಯುವಾಗ ಹೆಚ್ಚಾದರೆ ಜಿಪಿಗೆ ಮತ್ತೆ ಫೋನ್ ಮಾಡು, ಸುಮ್ಮನೆ ಕೂರಬೇಡ.

ಹೆಣ್ಣಿನ ಮನೆಯವರಿಗೆ ಹೇಳು. ಅಂಟುವುದಿಲ್ಲ, ವಂಶದಲ್ಲಿ ಬರುವ ಸಾಧ್ಯತೆ ಇದೆ, ಬಂದೇ ಬರುತ್ತದೆ ಎಂದೇನಿಲ್ಲ. ನಿಶ್ಚಯಕ್ಕೆ ಮೊದಲು ಆ ಹುಡುಗಿಗೆ ನೀನೇ ಹೇಳು, ದೊಡ್ಡವರ ಬಾಯಿಂದ ಹೋಗುವುದು ಬೇಡ.

ಇನ್ನೊಂದು. ಇಲ್ಲಿ ಕೊಡುವ ಒಣಚರ್ಮದ ಮುಲಾಮುಗಳು ಬಟ್ಟೆಗೆ ಹಿಡಿದು ಒಣಗಿದರೆ ಬೆಂಕಿ ಬೇಗ ಹತ್ತುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ದೇವರಿಗೆ ದೀಪ ಹಚ್ಚುವಾಗ, ಒಲೆಯ ಮುಂದೆ ನಿಲ್ಲುವಾಗ ಆ ಅಂಗಿ ಬೇಡ.

ಜಿಪಿ ಬಳಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೋ: ಯಾವಾಗ ಶುರುವಾಯಿತು, ಏನೇನು ಹಚ್ಚಿದೆ, ಬೆರಳಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಮನೆಯಲ್ಲಿ ಬೇರೆ ಯಾರಿಗಿದೆ, ಇದರಿಂದಾಗಿ ಏನೇನು ಬಿಟ್ಟಿದ್ದೀಯ. ಕನ್ನಡದಲ್ಲೇ ಬರೆದು ನನಗೆ ಕಳುಹಿಸು, ಇಂಗ್ಲಿಷ್‌ನಲ್ಲಿ ನಾನು ಬರೆದುಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ, ಫೋನ್ ಮಾಡು.

ನಿನ್ನ ಅಕ್ಕ